ಹಳೆಯ ವಾಹನದ ಆಕ್ಸಿಲರೇಟರ್ ಪೆಡಲ್ ಸೆನ್ಸರ್: ದೋಷಪತ್ತೆ, ದುರಸ್ತಿ ಮತ್ತು ಪಂಚಾಯಿತಿಯ ಹೊಣೆ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪಾಠದ ಉದ್ದೇಶ

ವಾಹನವನ್ನು ದುರಸ್ತಿ ಮಾಡುವುದು ಮೆಕ್ಯಾನಿಕ್‌ನ ಕೆಲಸ. ಆ ದುರಸ್ತಿಯ ವೆಚ್ಚಕ್ಕೆ ಒಪ್ಪಿಗೆ ನೀಡುವುದು ಪಂಚಾಯಿತಿಯ ಕೆಲಸ. ಇವೆರಡರ ನಡುವೆ ಸಾಮಾನ್ಯವಾಗಿ ಯಾರೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಬದಲಾಯಿಸಿದ ಬಿಡಿಭಾಗ ನಿಜವಾಗಿಯೂ ಕೆಟ್ಟಿತ್ತೇ? ಆಕ್ಸಿಲರೇಟರ್ ಪೆಡಲ್ ಸೆನ್ಸರ್‌ನ ದೋಷವು ಈ ಪ್ರಶ್ನೆಯ ಮಹತ್ವವನ್ನು ತಿಳಿಯಲು ತಕ್ಕ ಉದಾಹರಣೆಯಾಗಿದೆ. ತುಕ್ಕು ಹಿಡಿದ ಒಂದು ಪಿನ್ ಮತ್ತು ಸಾವಿರಾರು ರೂಪಾಯಿ ಬೆಲೆಯ ಪೆಡಲ್ ಜೋಡಣೆ, ಇವೆರಡೂ ಕೆಟ್ಟಾಗ ಚಾಲಕರಿಗೆ ಕಾಣುವ ಲಕ್ಷಣ ಒಂದೇ ಆಗಿರುತ್ತದೆ. ವ್ಯತ್ಯಾಸವನ್ನು ಹೇಳುವುದು ಅಳತೆ ಮಾತ್ರ.

ಈ ಪಾಠದಲ್ಲಿ ಸೆನ್ಸರ್ ಕೆಲಸ ಮಾಡುವ ಬಗೆ, ದೋಷದ ಕಾರಣಗಳು, ಪರೀಕ್ಷೆಯ ಕ್ರಮ, ದುರಸ್ತಿಯ ವಿಧಾನ ಹಾಗೂ ಪಂಚಾಯಿತಿ ಇಡಬೇಕಾದ ದಾಖಲೆಗಳನ್ನು ವಿವರಿಸಲಾಗಿದೆ. ಸದಸ್ಯರು ಸ್ವತಃ ದುರಸ್ತಿ ಮಾಡಬೇಕೆಂಬುದು ಇದರ ಆಶಯವಲ್ಲ. ಸರಿಯಾದ ಪ್ರಶ್ನೆ ಕೇಳಲು ಬೇಕಾದಷ್ಟು ತಿಳಿದಿರಬೇಕೆಂಬುದೇ ಆಶಯ.

1. ಪಂಚಾಯಿತಿಗೆ ಈ ವಿಷಯ ಏಕೆ ಮುಖ್ಯ

ಗ್ರಾಮದ ನೈರ್ಮಲ್ಯ ಕಾಪಾಡುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಒಂದು. ಸ್ವಚ್ಛ ಭಾರತ ಅಭಿಯಾನದ ಗ್ರಾಮೀಣ ಯೋಜನೆಯಡಿ ಮನೆಮನೆಯ ತ್ಯಾಜ್ಯ ಸಂಗ್ರಹಕ್ಕೆ ವಾಹನಗಳು ಬಂದಿವೆ. ಹಲವು ಕಡೆ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಈ ವಾಹನಗಳ ಚಾಲಕರು. ವಾಹನ ನಿಂತರೆ ಒಂದೆರಡು ದಿನಗಳಲ್ಲೇ ಹಸಿಕಸ ಬೀದಿಯಲ್ಲಿ ಉಳಿಯುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಂತಹ ಕಾಡಂಚಿನ ಗ್ರಾಮಗಳಲ್ಲಿ ಹೀಗೆ ಉಳಿದ ಕಸ ಕಾಡುಪ್ರಾಣಿಗಳನ್ನು ಊರಿನತ್ತ ಸೆಳೆಯುತ್ತದೆ.

ಪಂಚಾಯಿತಿಯ ವಾಹನವಷ್ಟೇ ಅಲ್ಲ, ಗ್ರಾಮಸ್ಥರ ಹಳೆಯ ಕಾರುಗಳಿಗೂ ಈ ಪಾಠ ಅನ್ವಯಿಸುತ್ತದೆ. ತೆರಕಣಾಂಬಿ ಅಥವಾ ಬೇಗೂರಿನಿಂದ ರೋಗಿಯನ್ನು ತಾಲ್ಲೂಕು ಇಲ್ಲವೇ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದೊಯ್ಯಲು ಎಷ್ಟೋ ಬಾರಿ ದೊರೆಯುವುದು ನೆರೆಮನೆಯ ಹತ್ತು ಹನ್ನೆರಡು ವರ್ಷ ಹಳೆಯ ಕಾರು. ಅಂತಹ ಕಾರು ದಾರಿಯ ನಡುವೆ ಪೆಡಲ್ ಒತ್ತಿದರೂ ಮುಂದೆ ಸಾಗದಿದ್ದರೆ ಆಗುವ ನಷ್ಟ ಹಣದ್ದು ಮಾತ್ರವಲ್ಲ.

ಕಾನೂನಿನ ಹೊಣೆಯೂ ಇದೆ. ಮೋಟಾರು ವಾಹನಗಳ ಅಧಿನಿಯಮ, 1988ರ 190ನೇ ಪ್ರಕರಣವು ಅಪಾಯಕರ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಓಡಿಸಿದವರು ಮಾತ್ರವಲ್ಲ, ಓಡಿಸಲು ಹೇಳಿದವರು ಮತ್ತು ಬಿಟ್ಟವರು ಕೂಡ ಇದರ ವ್ಯಾಪ್ತಿಗೆ ಬರುತ್ತಾರೆ. ದೋಷ ಗೊತ್ತಿತ್ತೇ ಎಂಬುದಷ್ಟೇ ಅಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿತ್ತೇ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಚಾಲಕರು ಪೆಡಲ್‌ನ ದೋಷವನ್ನು ತಿಳಿಸಿದ ಮೇಲೂ “ಈ ವಾರ ಹೇಗಾದರೂ ಓಡಿಸಿ” ಎಂದು ಹೇಳುವುದು ಸಲ್ಲದು.

2. ಪೆಡಲ್‌ನಿಂದ ಎಂಜಿನ್‌ವರೆಗೆ: ಹಳೆಯ ಮತ್ತು ಹೊಸ ಏರ್ಪಾಡು

ಹಿಂದಿನ ವಾಹನಗಳಲ್ಲಿ ಪೆಡಲ್‌ನಿಂದ ಎಂಜಿನ್‌ಗೆ ಉಕ್ಕಿನ ಕೇಬಲ್ ಇರುತ್ತಿತ್ತು. ಪಾದ ಒತ್ತಿದರೆ ಕೇಬಲ್ ಎಳೆಯುತ್ತಿತ್ತು. ಪೆಟ್ರೋಲ್ ವಾಹನದಲ್ಲಿ ಗಾಳಿಯ ಕವಾಟ ತೆರೆಯುತ್ತಿತ್ತು. ಡೀಸೆಲ್ ವಾಹನದಲ್ಲಿ ಇಂಧನ ಪಂಪಿನ ಸನ್ನೆ ತಿರುಗುತ್ತಿತ್ತು. ಕೇಬಲ್ ಸವೆದರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿತ್ತು.

ಹೊರಸೂಸುವ ಹೊಗೆಯ ಮಾನದಂಡಗಳು ಬಿಗಿಯಾದಂತೆ ಇಂಧನ ನಿಯಂತ್ರಣ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಸೇರಿತು. ಭಾರತ್ ಸ್ಟೇಜ್ 4 ಮಾನದಂಡವು 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಬಂದಿತು. ಎಲೆಕ್ಟ್ರಾನಿಕ್ ಏರ್ಪಾಡಿನಲ್ಲಿ ಪೆಡಲ್ ಎಂಜಿನ್ನನ್ನು ನೇರವಾಗಿ ಎಳೆಯುವುದಿಲ್ಲ. ಪಾದ ಎಷ್ಟು ಒತ್ತಿದೆ ಎಂಬುದನ್ನು ಸೆನ್ಸರ್ ಅಳೆದು ವಿದ್ಯುತ್ ಸಂಕೇತವಾಗಿ ಎಂಜಿನ್ ನಿಯಂತ್ರಣ ಘಟಕಕ್ಕೆ ಕಳುಹಿಸುತ್ತದೆ. ಘಟಕವು ಅದನ್ನು ಚಾಲಕರ ಕೋರಿಕೆಯೆಂದು ಪರಿಗಣಿಸಿ ಗಾಳಿ ಅಥವಾ ಇಂಧನದ ಪ್ರಮಾಣವನ್ನು ನಿರ್ಧರಿಸುತ್ತದೆ.

ಆದ್ದರಿಂದ ಮೊದಲು ತಿಳಿಯಬೇಕಾದುದು ವಾಹನದಲ್ಲಿ ಯಾವ ಏರ್ಪಾಡಿದೆ ಎಂಬುದು. ಪೆಡಲ್‌ನ ಮೇಲ್ತುದಿಯಲ್ಲಿ ಉಕ್ಕಿನ ಕೇಬಲ್ ಸಿಕ್ಕಿಸಿದ್ದರೆ ಅದು ಹಳೆಯ ಬಗೆ. ಪ್ಲಾಸ್ಟಿಕ್ ಗೂಡು ಮತ್ತು ಆರು ವಿದ್ಯುತ್ ತಂತಿಗಳ ಕನೆಕ್ಟರ್ ಇದ್ದರೆ ಅದು ಸೆನ್ಸರ್ ಬಗೆ. ಕೆಲವು ವಾಹನಗಳಲ್ಲಿ ಕೇಬಲ್ ಇದ್ದು, ಅದರ ಇನ್ನೊಂದು ತುದಿಯಲ್ಲಿ ಸೆನ್ಸರ್ ಇರುವುದೂ ಉಂಟು.

3. ಒಂದು ಪೆಡಲ್‌ಗೆ ಎರಡು ಸೆನ್ಸರ್‌ಗಳು

ಒಂದೇ ಸೆನ್ಸರ್ ಇದ್ದು ಅದು ತಪ್ಪು ಹೇಳಿದರೆ ಘಟಕಕ್ಕೆ ತಪ್ಪೆಂದು ತಿಳಿಯಲು ದಾರಿಯಿಲ್ಲ. ಆದ್ದರಿಂದ ಒಂದೇ ಗೂಡಿನಲ್ಲಿ ಪರಸ್ಪರ ಸ್ವತಂತ್ರವಾದ ಎರಡು ಸೆನ್ಸರ್‌ಗಳನ್ನು ಇಡಲಾಗುತ್ತದೆ. ಪ್ರತಿಯೊಂದಕ್ಕೂ ಸುಮಾರು 5 ವೋಲ್ಟ್ ಪೂರೈಕೆಯ ತಂತಿ, ಅರ್ಥ್ ತಂತಿ ಮತ್ತು ಸಂಕೇತದ ತಂತಿ ಇರುತ್ತವೆ. ತಂತಿಗಳು ಆರು ಇರುವುದು ಈ ಕಾರಣದಿಂದ.

ಬಹಳಷ್ಟು ವಾಹನಗಳಲ್ಲಿ ಮೊದಲನೆಯ ಸಂಕೇತವು ಎರಡನೆಯದರ ಎರಡರಷ್ಟಿರುತ್ತದೆ. ಅಂತಹ ಪೆಡಲ್‌ನ ಮಾದರಿ ಅಳತೆಗಳು ಹೀಗಿರುತ್ತವೆ:

ಪಾದ ಇಡದಿದ್ದಾಗ: ಮೊದಲನೆಯದು 0.75 ವೋಲ್ಟ್, ಎರಡನೆಯದು 0.37 ವೋಲ್ಟ್
ಕಾಲುಭಾಗ ಒತ್ತಿದಾಗ: 1.50 ವೋಲ್ಟ್, 0.75 ವೋಲ್ಟ್
ಅರ್ಧ ಒತ್ತಿದಾಗ: 2.30 ವೋಲ್ಟ್, 1.15 ವೋಲ್ಟ್
ಪೂರ್ಣ ಒತ್ತಿದಾಗ: 3.80 ವೋಲ್ಟ್, 1.90 ವೋಲ್ಟ್

ಇವು ತಿಳುವಳಿಕೆಗಾಗಿ ಕೊಟ್ಟ ಅಂಕಿಗಳು. ಕೆಲವು ವಾಹನಗಳಲ್ಲಿ ಎರಡು ಸಂಕೇತಗಳ ನಡುವೆ ಸ್ಥಿರ ಅಂತರವಿರುತ್ತದೆ. ಇನ್ನು ಕೆಲವದರಲ್ಲಿ ಒಂದು ಏರಿದಂತೆ ಮತ್ತೊಂದು ಇಳಿಯುತ್ತದೆ. ಆಯಾ ವಾಹನದ ದುರಸ್ತಿ ಕೈಪಿಡಿಯಲ್ಲಿರುವ ಅಳತೆಯೇ ಪ್ರಮಾಣ. ಆದರೆ ತತ್ತ್ವ ಎಲ್ಲೆಡೆ ಒಂದೇ: ಎರಡು ಸಾಕ್ಷಿಗಳ ಹೇಳಿಕೆ ಹೊಂದಿಕೆಯಾದರೆ ಮಾತ್ರ ಘಟಕ ಅದನ್ನು ನಂಬುತ್ತದೆ.

ಹೊಂದಿಕೆಯಾಗದಿದ್ದರೆ ಘಟಕವು ಎಂಜಿನ್ ಲಾಂಛನದ ಎಚ್ಚರಿಕೆ ದೀಪವನ್ನು ಬೆಳಗಿಸುತ್ತದೆ, ದೋಷ ಸಂಕೇತವನ್ನು ನೆನಪಿನಲ್ಲಿ ಬರೆದಿಡುತ್ತದೆ ಮತ್ತು ಎಂಜಿನ್‌ನ ಶಕ್ತಿಯನ್ನು ಕಡಿತಗೊಳಿಸುತ್ತದೆ. ಕೆಲವು ವಾಹನಗಳಲ್ಲಿ ಪೆಡಲ್ ಒತ್ತಿದರೂ ಎಂಜಿನ್ ನಿಗದಿತ ಸುತ್ತಿನಲ್ಲೇ ಓಡುತ್ತದೆ. ಮೆಕ್ಯಾನಿಕರು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಅಂದರೆ ಕುಂಟುತ್ತಾ ಸಾಗುವ ಸ್ಥಿತಿ. ಇದನ್ನು ವಾಹನದ ಹಠವೆಂದು ತಿಳಿಯಬಾರದು. ಸಂದೇಹ ಬಂದಾಗ ವೇಗ ಹೆಚ್ಚಿಸುವ ಬದಲು ತಗ್ಗಿಸುವ ಸುರಕ್ಷತಾ ಕ್ರಮವಿದು.

ಈ ಕ್ರಮದ ಬೆಲೆಯನ್ನು ತಿಳಿಯಲು ಹೊರದೇಶದ ಒಂದು ಪ್ರಕರಣ ನೆರವಾಗುತ್ತದೆ. ಅಮೆರಿಕದಲ್ಲಿ ಟೊಯೊಟಾ ಕಾರುಗಳು ಚಾಲಕರ ಇಚ್ಛೆಗೆ ವಿರುದ್ಧವಾಗಿ ವೇಗ ಪಡೆಯುತ್ತವೆ ಎಂಬ ದೂರುಗಳು ಬಂದು, 2009 ಮತ್ತು 2010ರಲ್ಲಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಪೆಡಲ್‌ಗೆ ಸಿಕ್ಕಿಕೊಳ್ಳುವ ನೆಲಹಾಸು ಮತ್ತು ಒತ್ತಿದ ಮೇಲೆ ಬೇಗ ಮರಳದ ಪೆಡಲ್, ಇವು ಅದಕ್ಕೆ ಕಾರಣವಾಗಿದ್ದವು. ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಪರೀಕ್ಷಿಸಲು ಅಲ್ಲಿನ ಸರ್ಕಾರ ನಾಸಾದ ಎಂಜಿನಿಯರುಗಳ ನೆರವು ಪಡೆಯಿತು. 2011ರ ಫೆಬ್ರುವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಅತಿವೇಗಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಕಾರಣವೆಂಬುದಕ್ಕೆ ಆಧಾರ ದೊರೆಯಲಿಲ್ಲ. ಆದರೆ ಕೆಟ್ಟಿದ್ದ ಒಂದು ಪೆಡಲ್ ಸೆನ್ಸರ್‌ನೊಳಗೆ ತವರದ ಲೇಪನದಿಂದ ಕೂದಲೆಳೆಗಿಂತ ಸಣ್ಣ ಲೋಹದ ಎಳೆ ಬೆಳೆದು, ಎರಡು ಸಂಕೇತಗಳ ನಡುವೆ ಸಂಪರ್ಕ ಉಂಟುಮಾಡಿದ್ದು ಕಂಡುಬಂದಿತು. ಈ ಪ್ರಕರಣದಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲು ನೆಲಹಾಸು, ಕಸ, ಸ್ಪ್ರಿಂಗ್ ಮುಂತಾದ ಸರಳ ಕಾರಣಗಳನ್ನು ನೋಡಬೇಕು. ಅನಂತರ, ಸೆನ್ಸರ್ ಕೆಡಲು ಸಾಧ್ಯವೇ ಇಲ್ಲ ಎಂದು ಭಾವಿಸದೆ ಅಳೆದು ನೋಡಬೇಕು.

4. ದೋಷದ ಲಕ್ಷಣಗಳು ಮತ್ತು ಕಾರಣಗಳು

ಲಕ್ಷಣಗಳು: ಪೆಡಲ್ ಒತ್ತಿದ ಮೇಲೆ ತಡವಾಗಿ ಪ್ರತಿಕ್ರಿಯೆ ಬರುವುದು, ಒಂದೇ ವೇಗದಲ್ಲಿ ಹೋಗುವಾಗ ವಾಹನ ಜಗ್ಗುವುದು, ಏರಿನಲ್ಲಿ ಹಠಾತ್ತಾಗಿ ಶಕ್ತಿ ಕುಂದುವುದು, ಕೀಲಿ ಆರಿಸಿ ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಯಾಗುವುದು, ಎಚ್ಚರಿಕೆ ದೀಪ ಬೆಳಗುವುದು. ಇವೇ ಲಕ್ಷಣಗಳು ಇಂಧನ ಶೋಧಕ ಕಟ್ಟಿಕೊಂಡಾಗ ಅಥವಾ ಟರ್ಬೊ ಕೊಳವೆ ಬಿರುಕು ಬಿಟ್ಟಾಗಲೂ ಕಾಣಬಹುದು. ಆದ್ದರಿಂದ ಲಕ್ಷಣವನ್ನು ನೋಡಿಯೇ ತೀರ್ಮಾನಕ್ಕೆ ಬರಬಾರದು.

ಕಾರಣಗಳು ಸಾಮಾನ್ಯವಾಗಿ ಆರು ಬಗೆ.

ಒಂದು, ಸವೆತ. ಹಳೆಯ ಬಗೆಯ ಸೆನ್ಸರ್‌ನೊಳಗೆ ತೆಳುವಾದ ಪ್ರತಿರೋಧಕ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಚಲಿಸುತ್ತದೆ. ಊರೊಳಗೆ ನಿಧಾನವಾಗಿ ಓಡುವ ವಾಹನದಲ್ಲಿ ಪಾದ ಹೆಚ್ಚು ಸಮಯ ಕಾಲುಭಾಗದ ಆಸುಪಾಸಿನಲ್ಲೇ ಇರುವುದರಿಂದ ಪಟ್ಟಿ ಅಲ್ಲಿಯೇ ಮೊದಲು ಸವೆಯುತ್ತದೆ. ಆಯಸ್ಕಾಂತದ ತತ್ತ್ವದ ಮೇಲೆ ಕೆಲಸ ಮಾಡುವ ಹಾಲ್ ಬಗೆಯ ಸೆನ್ಸರ್‌ಗಳಲ್ಲಿ ಈ ಸವೆತವಿರುವುದಿಲ್ಲ.

ಎರಡು, ನೀರು. ತ್ಯಾಜ್ಯ ಸಾಗಿಸುವ ವಾಹನವನ್ನು ದಿನವೂ ತೊಳೆಯಬೇಕಾಗುತ್ತದೆ. ಚಾಲಕರ ಕೋಣೆಯ ನೆಲಕ್ಕೂ ಪೈಪಿನಿಂದ ನೀರು ಹಾಯಿಸಿದರೆ ಅದು ಕನೆಕ್ಟರ್‌ಗೆ ಸೇರಿ ಪಿನ್‌ಗಳ ಮೇಲೆ ಹಸಿರು ಕಿಲುಬು ಬೆಳೆಯುತ್ತದೆ.

ಮೂರು, ಧೂಳು. ಕರಿಕಲ್ಲಿನ ಗಣಿ ಹಾದಿಗಳ ಪುಡಿ ಮತ್ತು ಕೆಮ್ಮಣ್ಣಿನ ಧೂಳು ತೇವದೊಂದಿಗೆ ಸೇರಿದರೆ ಸಂಪರ್ಕ ಕೆಡುತ್ತದೆ.

ನಾಲ್ಕು, ಇಲಿ. ಅರಿಸಿನ, ಜೋಳ ಅಥವಾ ಮೇವು ಶೇಖರಿಸಿದ ಕಟ್ಟಡದ ಪಕ್ಕದಲ್ಲಿ ವಾಹನ ನಿಂತರೆ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುವುದುಂಟು.

ಐದು, ಬೇರೆ ಭಾಗದ ದೋಷ. ಕೆಲವು ವಾಹನಗಳಲ್ಲಿ ಒಂದೇ 5 ವೋಲ್ಟ್ ಪೂರೈಕೆ ಹಲವು ಸೆನ್ಸರ್‌ಗಳಿಗೆ ಹೋಗುತ್ತದೆ. ಎಂಜಿನ್ನಿನ ಬೇರೊಂದು ಸೆನ್ಸರ್ ಆ ಪೂರೈಕೆಯನ್ನು ಕುಸಿಯುವಂತೆ ಮಾಡಿದರೆ ಆರೋಪ ಪೆಡಲ್‌ನ ಮೇಲೆ ಬರುತ್ತದೆ.

ಆರು, ಬ್ರೇಕ್ ದೀಪದ ಸ್ವಿಚ್. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒತ್ತಿದಂತೆ ತೋರಿದರೆ ಹಲವು ವಾಹನಗಳ ಘಟಕ ಬ್ರೇಕನ್ನೇ ನಂಬಿ ಶಕ್ತಿಯನ್ನು ತಗ್ಗಿಸುತ್ತದೆ. ಪಾದ ತೆಗೆದ ಮೇಲೂ ಬ್ರೇಕ್ ದೀಪ ಆರದಿದ್ದರೆ ಮೊದಲು ಆ ಸ್ವಿಚ್ಚನ್ನು ಪರೀಕ್ಷಿಸಬೇಕು. ಅದು ಕಡಿಮೆ ಬೆಲೆಯ ಬಿಡಿಭಾಗ.

5. ದೋಷಪತ್ತೆಯ ಕ್ರಮ

ಪರೀಕ್ಷೆಯ ಸಮಯದಲ್ಲಿ ವಾಹನ ಸಮತಟ್ಟಾದ ಬಯಲಿನಲ್ಲಿ ನಿಂತಿರಬೇಕು. ಗೇರ್ ನ್ಯೂಟ್ರಲ್‌ನಲ್ಲಿದ್ದು, ಕೈಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟಿರಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಏರ್‌ಬ್ಯಾಗ್ ಇರುವ ವಾಹನದಲ್ಲಿ ಹಳದಿ ಹೊದಿಕೆಯ ತಂತಿಗಳನ್ನು ಮುಟ್ಟಬಾರದು.

ಹಂತ 1: ಕಣ್ಣಿನ ಪರೀಕ್ಷೆ. ನೆಲಹಾಸು ಜರುಗಿದೆಯೇ, ಪೆಡಲ್ ಪೂರ್ಣ ಒತ್ತಿ ಬಿಟ್ಟಾಗ ಸಲೀಸಾಗಿ ಮರಳುತ್ತದೆಯೇ, ಕನೆಕ್ಟರ್ ಭದ್ರವಾಗಿದೆಯೇ, ತಂತಿ ಎಲ್ಲಾದರೂ ಉಜ್ಜಿದೆಯೇ ಎಂದು ನೋಡಬೇಕು.

ಹಂತ 2: ಬ್ಯಾಟರಿ. ಬ್ಯಾಟರಿ ದುರ್ಬಲವಾಗಿದ್ದರೆ ಅಥವಾ ಅದರ ತುದಿಗಳು ಸಡಿಲವಾಗಿದ್ದರೆ ಎಲೆಕ್ಟ್ರಾನಿಕ್ ಅಳತೆಗಳೆಲ್ಲ ಏರುಪೇರಾಗುತ್ತವೆ. ಎಂಜಿನ್ ನಿಂತು ಕೆಲವು ಗಂಟೆ ಕಳೆದ ಮೇಲೆ 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 12.4 ವೋಲ್ಟ್‌ಗಿಂತ ಹೆಚ್ಚು ಇರಬೇಕು.

ಹಂತ 3: ದೋಷ ಸಂಕೇತ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್‌ಗಳ ಸಂಪರ್ಕಕ್ಕೆ ಸ್ಕ್ಯಾನರ್ ಜೋಡಿಸಿ ಸಂಕೇತಗಳನ್ನು ಓದಬೇಕು. ಅಳಿಸುವ ಮೊದಲು ಬರೆದಿಡಬೇಕು. ಪೆಡಲ್‌ಗೆ ಸಂಬಂಧಿಸಿದ ಮುಖ್ಯ ಸಂಕೇತಗಳ ಅರ್ಥ ಹೀಗಿದೆ:

ಪಿ2122: ಮೊದಲನೆಯ ಸೆನ್ಸರ್‌ನ ಸಂಕೇತ ತೀರ ಕಡಿಮೆ
ಪಿ2123: ಮೊದಲನೆಯ ಸೆನ್ಸರ್‌ನ ಸಂಕೇತ ತೀರ ಹೆಚ್ಚು
ಪಿ2127: ಎರಡನೆಯ ಸೆನ್ಸರ್‌ನ ಸಂಕೇತ ತೀರ ಕಡಿಮೆ
ಪಿ2128: ಎರಡನೆಯ ಸೆನ್ಸರ್‌ನ ಸಂಕೇತ ತೀರ ಹೆಚ್ಚು
ಪಿ2138: ಎರಡು ಸಂಕೇತಗಳ ನಡುವೆ ಹೊಂದಿಕೆ ಇಲ್ಲ

ಸಂಕೇತ ತೀರ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಪೂರೈಕೆಯ ಅಥವಾ ಸಂಕೇತದ ತಂತಿ ತುಂಡಾಗಿರುತ್ತದೆ ಅಥವಾ ಸಂಕೇತದ ತಂತಿ ವಾಹನದ ಲೋಹಕ್ಕೆ ತಾಗಿರುತ್ತದೆ. ತೀರ ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಅರ್ಥ್ ತಂತಿ ಕಡಿದಿರುತ್ತದೆ ಅಥವಾ ಸಂಕೇತದ ತಂತಿ ಪೂರೈಕೆಯ ತಂತಿಗೆ ತಾಗಿರುತ್ತದೆ. ಸದಸ್ಯರು ಮುಖ್ಯವಾಗಿ ನೆನಪಿಡಬೇಕಾದುದು ಇಷ್ಟು: ದೋಷ ಸಂಕೇತವು ತೊಂದರೆ ಯಾವ ವಿದ್ಯುತ್ ಹಾದಿಯಲ್ಲಿದೆ ಎಂದು ಹೇಳುತ್ತದೆ, ಯಾವ ಬಿಡಿಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ.

ಹಂತ 4: ಪೂರೈಕೆ ಮತ್ತು ಅರ್ಥ್ ಅಳತೆ. ಕೀಲಿ ಹಾಕಿ, ಎಂಜಿನ್ ಆರಂಭಿಸದೆ, ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲೇ ಅದರ ಹಿಂಬದಿಯಿಂದ ಮಲ್ಟಿಮೀಟರ್‌ನ ತೆಳುಸೂಜಿ ತಾಗಿಸಿ ಅಳೆಯಬೇಕು. ಎರಡೂ ಪೂರೈಕೆಗಳಲ್ಲಿ 5 ವೋಲ್ಟ್‌ಗೆ ತೀರ ಹತ್ತಿರದ ಅಳತೆ ಬರಬೇಕು. ಬ್ಯಾಟರಿಯ ಋಣ ತುದಿಗೂ ಸೆನ್ಸರ್‌ನ ಅರ್ಥ್ ತಂತಿಗೂ ನಡುವೆ ಅಳೆದರೆ ಸೊನ್ನೆಗೆ ಸಮೀಪ ಇರಬೇಕು; 0.1 ವೋಲ್ಟ್ ದಾಟಿದರೆ ಆ ಹಾದಿಯಲ್ಲಿ ತಡೆಯಿದೆ ಎಂದರ್ಥ. ತಂತಿಯ ಹೊದಿಕೆಯನ್ನು ಚುಚ್ಚಿ ಅಳೆಯಬಾರದು. ಚುಚ್ಚಿದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಹಂತ 5: ಸಂಕೇತದ ಅಳತೆ. ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಾ ಎರಡೂ ಸಂಕೇತಗಳನ್ನು ನೋಡಬೇಕು. ವೋಲ್ಟ್ ಏಕಪ್ರಕಾರವಾಗಿ ಏರಬೇಕು. ಮಧ್ಯದಲ್ಲಿ ಕುಸಿದು ಮತ್ತೆ ಏರಿದರೆ ಪಟ್ಟಿ ಸವೆದಿದೆ. ಕ್ಷಣಮಾತ್ರದ ಕುಸಿತವನ್ನು ಅಂಕಿ ತೋರಿಸುವ ಮೀಟರ್ ತಪ್ಪಿಸಿಬಿಡಬಹುದು. ಮುಳ್ಳಿನ ಮೀಟರ್ ಅಥವಾ ಸ್ಕ್ಯಾನರ್‌ನ ರೇಖಾಚಿತ್ರ ಅದನ್ನು ಹಿಡಿಯುತ್ತದೆ.

ಹಂತ 6: ಅಲುಗಾಟದ ಪರೀಕ್ಷೆ. ಪೆಡಲನ್ನು ಒಂದೇ ಸ್ಥಿತಿಯಲ್ಲಿಟ್ಟು ಕನೆಕ್ಟರ್ ಮತ್ತು ತಂತಿಗಳನ್ನು ಮೆಲ್ಲಗೆ ಅಲುಗಿಸಬೇಕು. ಅಳತೆ ಜಿಗಿದರೆ ದೋಷ ಇರುವುದು ಬಹುಮಟ್ಟಿಗೆ ಸಂಪರ್ಕದಲ್ಲಿ.

6. ದುರಸ್ತಿಯ ವಿಧಾನ

ಸಂಪರ್ಕದ ದೋಷವಾದರೆ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ಕನೆಕ್ಟರ್ ತೆರೆದು, ವಿದ್ಯುತ್ ಸಂಪರ್ಕಗಳಿಗೆಂದೇ ತಯಾರಾದ ಶುಚಿದ್ರವದಿಂದ ಪಿನ್‌ಗಳನ್ನು ಸ್ವಚ್ಛಗೊಳಿಸಿ ಪೂರ್ಣವಾಗಿ ಒಣಗಿಸಬೇಕು. ಮರಳುಕಾಗದದಿಂದ ಉಜ್ಜಿದರೆ ಪಿನ್‌ನ ಲೇಪನ ಹೋಗಿ ತುಕ್ಕು ಬೇಗ ಮರಳುತ್ತದೆ. ಸಡಿಲವಾದ ಅಥವಾ ಕಿಲುಬು ತಿಂದ ಪಿನ್ ಅನ್ನು ಬದಲಿಸಬೇಕು. ತುಂಡಾದ ತಂತಿಯನ್ನು ಅದೇ ದಪ್ಪದ ತಂತಿಯಿಂದ ಸರಿಯಾಗಿ ಜೋಡಿಸಿ, ಶಾಖಕ್ಕೆ ಕುಗ್ಗುವ ಕೊಳವೆಯಿಂದ ಮುಚ್ಚಿ, ಅಲುಗಾಡದಂತೆ ಕಟ್ಟಬೇಕು. ತಿರುಚಿ ಟೇಪು ಸುತ್ತಿದ ಜೋಡಣೆ ದುರಸ್ತಿಯೆನಿಸುವುದಿಲ್ಲ.

ಸೆನ್ಸರ್‌ನೊಳಗಿನ ಪಟ್ಟಿ ಸವೆದಿದ್ದರೆ ಅದನ್ನು ಬದಲಿಸುವುದೇ ಮಾರ್ಗ. ಹಲವು ವಾಹನಗಳಲ್ಲಿ ಸೆನ್ಸರ್ ಬಿಡಿಯಾಗಿ ದೊರೆಯುವುದಿಲ್ಲ. ಪೆಡಲ್ ಸಹಿತ ಇಡೀ ಜೋಡಣೆಯನ್ನು ಬದಲಿಸಬೇಕಾಗುತ್ತದೆ. ಜೋಡಣೆಯ ಮೇಲೆ ಅಚ್ಚಾಗಿರುವ ಭಾಗಸಂಖ್ಯೆ ಹೊಂದಬೇಕು. ನೋಟಕ್ಕೆ ಒಂದೇ ರೀತಿ ಇದ್ದರೆ ಸಾಲದು. ಅದನ್ನು ಕೂರಿಸುವುದು ಎರಡು ಮೂರು ತಿರುಪುಗಳ ಕೆಲಸ. ಬಳಿಕ ದೋಷ ಸಂಕೇತ ಅಳಿಸಿ, ಕೈಪಿಡಿಯಲ್ಲಿ ಹೇಳಿದ್ದರೆ ಹೊಸ ಪೆಡಲ್‌ನ ಆರಂಭಸ್ಥಾನವನ್ನು ಘಟಕಕ್ಕೆ ಪರಿಚಯಿಸಬೇಕು.

ದುರಸ್ತಿ ಮುಗಿಯುವುದು ವಾಹನ ಆರಂಭವಾದಾಗ ಅಲ್ಲ. 4 ಮತ್ತು 5ನೇ ಹಂತದ ಅಳತೆಗಳನ್ನು ಮತ್ತೆ ತೆಗೆದು, ಹೊರೆಯೊಂದಿಗೆ ಏರಿನಲ್ಲಿ ಓಡಿಸಿ, ದೋಷ ಸಂಕೇತ ಮರಳಿಲ್ಲವೆಂದು ಖಚಿತಪಡಿಸಿಕೊಂಡಾಗ ಅದು ಮುಗಿಯುತ್ತದೆ.

7. ಮಾಡಬಾರದ ಕೆಲಸಗಳು

ದೋಷ ಸಂಕೇತವನ್ನು ಅಳಿಸಿ ಮಾತ್ರ ವಾಹನವನ್ನು ಮರಳಿ ಕೊಡುವುದು, ಎಚ್ಚರಿಕೆ ದೀಪ ಕಾಣದಂತೆ ಮುಚ್ಚುವುದು, ಒಂದು ಸೆನ್ಸರ್‌ನ ಸಂಕೇತವನ್ನೇ ಪ್ರತಿರೋಧಕದ ಮೂಲಕ ಎರಡನೆಯ ಹಾದಿಗೂ ಕೊಡುವುದು, ಇವು ದುರಸ್ತಿಗಳಲ್ಲ. ಕೊನೆಯದು ಅತ್ಯಂತ ಅಪಾಯಕರ. ಎರಡು ಸಾಕ್ಷಿಗಳ ಬದಲು ಒಬ್ಬನೇ ಎರಡು ಬಾರಿ ಸಾಕ್ಷಿ ಹೇಳಿದಂತೆ ಆಗುತ್ತದೆ. ಅವನು ತಪ್ಪು ಹೇಳಿದರೆ ತಡೆಯುವವರು ಉಳಿಯುವುದಿಲ್ಲ.

ಚಾಲಕರಿಗೂ ಒಂದು ಸೂಚನೆ ಅವಶ್ಯ. ಪಾದ ತೆಗೆದರೂ ಎಂಜಿನ್ ವೇಗ ತಗ್ಗದಿದ್ದರೆ ಬ್ರೇಕನ್ನು ದೃಢವಾಗಿ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ರಸ್ತೆಯ ಬದಿಗೆ ನಿಲ್ಲಿಸಿದ ಮೇಲೆ ಕೀಲಿ ಆರಿಸಬೇಕು. ಓಡುವಾಗಲೇ ಕೀಲಿ ತೆಗೆದರೆ ಸ್ಟೀರಿಂಗ್ ಬೀಗ ಬೀಳಬಹುದು, ಬ್ರೇಕಿನ ನೆರವೂ ತಗ್ಗುತ್ತದೆ.

8. ಅಭ್ಯಾಸ ಪ್ರಸಂಗ

ಇದು ಪಾಠಕ್ಕಾಗಿ ರಚಿಸಿದ ಪ್ರಸಂಗ. ಯಾವುದೇ ಪಂಚಾಯಿತಿಗೆ ಸಂಬಂಧಿಸಿದ್ದಲ್ಲ.

ಪಂಚಾಯಿತಿಯೊಂದರ ಹಳೆಯ ವಾಹನ ಬೆಳಿಗ್ಗೆ ತೊಳೆದ ದಿನ ಏರು ಹತ್ತುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ. ಗ್ಯಾರೇಜಿನವರು ಪಿ2138 ಸಂಕೇತ ಬಂದಿದೆ, ಪೆಡಲ್ ಜೋಡಣೆ ಬದಲಿಸಬೇಕು ಎಂದು ಅಂದಾಜು ಪಟ್ಟಿ ಕೊಡುತ್ತಾರೆ. ಸಭೆಯಲ್ಲಿ ಸದಸ್ಯರೊಬ್ಬರು “ಅಳತೆ ಏನು ಬಂತು?” ಎಂದು ಕೇಳುತ್ತಾರೆ. ಅಳತೆ ತೆಗೆಯಲಾಗುತ್ತದೆ.

ಪೂರೈಕೆ ಎರಡೂ ಹಾದಿಗಳಲ್ಲಿ 5 ವೋಲ್ಟ್. ಎರಡನೆಯ ಸೆನ್ಸರ್‌ನ ಸಂಕೇತ ಪಾದ ಇಡದಿದ್ದಾಗ 0.37 ವೋಲ್ಟ್, ಅದು ಸರಿಯಾಗಿದೆ. ಮೊದಲನೆಯದರ ಸಂಕೇತ 0.75 ಇರಬೇಕಾದಲ್ಲಿ 1.26 ವೋಲ್ಟ್. ಇಲ್ಲಿಗೇ ನಿಲ್ಲಿಸಿದ್ದರೆ ಸೆನ್ಸರ್ ಕೆಟ್ಟಿದೆ ಎಂಬ ತೀರ್ಮಾನವೇ ಆಗುತ್ತಿತ್ತು. ಆದರೆ ಅದರ ಅರ್ಥ್ ತಂತಿಯಲ್ಲಿ ಸೊನ್ನೆಗೆ ಬದಲು 0.6 ವೋಲ್ಟ್ ಇದೆ. ಅಂದರೆ ಅಳತೆಗೋಲು ನಿಂತ ನೆಲವೇ ಮೇಲೆದ್ದಿದೆ. ಸೆನ್ಸರ್ ಕೊಡುವುದು ನೆಲದಿಂದ ಪೂರೈಕೆಯವರೆಗಿನ ಅಂತರದ ಶೇಕಡಾ 15ರಷ್ಟು: 5ರಿಂದ 0.6 ಕಳೆದರೆ 4.4, ಅದರ ಶೇಕಡಾ 15 ಎಂದರೆ 0.66, ಅದಕ್ಕೆ 0.6 ಸೇರಿಸಿದರೆ 1.26. ಸೆನ್ಸರ್ ತನ್ನ ಲೆಕ್ಕವನ್ನು ಸರಿಯಾಗಿಯೇ ಹೇಳುತ್ತಿದೆ.

ಕನೆಕ್ಟರ್ ತೆರೆದಾಗ ಅರ್ಥ್ ಪಿನ್ ಹಸಿರು ಕಿಲುಬಿನಿಂದ ಮುಚ್ಚಿರುವುದು ಕಾಣುತ್ತದೆ. ಆ ಒಂದು ಪಿನ್ ಬದಲಿಸಿದ ಮೇಲೆ ಅರ್ಥ್ 0.02 ವೋಲ್ಟ್‌ಗೆ, ಸಂಕೇತ 0.77 ವೋಲ್ಟ್‌ಗೆ ಇಳಿಯುತ್ತದೆ. ಪೆಡಲ್ ಜೋಡಣೆಯನ್ನು ಬದಲಿಸುವ ಅಗತ್ಯವಿರಲಿಲ್ಲ. ಹೊಸ ಜೋಡಣೆ ಹಾಕಿದ್ದರೂ, ಅದನ್ನು ಕೂರಿಸುವ ಭರದಲ್ಲಿ ಪಿನ್ ತುಸು ಉಜ್ಜಿ ಕೆಲವು ದಿನ ವಾಹನ ಓಡುತ್ತಿತ್ತು. ಆಮೇಲೆ ಅದೇ ದೋಷ ಮರಳುತ್ತಿತ್ತು, ಹಣ ಮಾತ್ರ ಮರಳುತ್ತಿರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಅರ್ಥ್ ಸರಿಯಾಗಿದ್ದು, ಕಾಲುಭಾಗ ಒತ್ತಿದಾಗ ಮೊದಲನೆಯ ಸಂಕೇತ 1.50ರಿಂದ 0.20 ವೋಲ್ಟ್‌ಗೆ ಕುಸಿದಿದ್ದರೆ ಪಟ್ಟಿ ಸವೆದಿದೆಯೆಂಬುದು ಖಚಿತವಾಗುತ್ತಿತ್ತು. ಆಗ ವೆಚ್ಚ ಉಳಿಸುವ ನೆಪದಲ್ಲಿ ಪಿನ್ ಒರೆಸಿ ವಾಹನ ಓಡಿಸುವುದೇ ತಪ್ಪಾಗುತ್ತಿತ್ತು. ಅಳತೆಯು ಖರ್ಚನ್ನು ತಡೆಯಲು ಮಾತ್ರ ಇರುವುದಲ್ಲ. ಮಾಡಲೇಬೇಕಾದ ಖರ್ಚನ್ನು ಸಮರ್ಥಿಸಲೂ ಅದು ಬೇಕು.

9. ಕಾಡು ಮತ್ತು ಘಟ್ಟದ ರಸ್ತೆಗಳಲ್ಲಿ ವಿಶೇಷ ಎಚ್ಚರ

ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಅಂದರೆ ವಯನಾಡಿನತ್ತ ಸಾಗುವ 766 ಮತ್ತು ಊಟಿಯತ್ತ ಸಾಗುವ 181ರಲ್ಲಿ, 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನೊಳಗೆ ವಾಹನ ನಿಲ್ಲಿಸುವುದಕ್ಕೂ ಅವಕಾಶವಿಲ್ಲ. ಸಂಜೆ ಹೊರಟ ವಾಹನ ಕಾಡಿನ ನಡುವೆ ಕುಂಟುವ ಸ್ಥಿತಿಗೆ ಬಂದರೆ ಒಳಗಿರುವವರು ಇಳಿಯುವಂತೆಯೂ ಇಲ್ಲ, ಬೇಗ ದಾಟುವಂತೆಯೂ ಇಲ್ಲ. ಚಾಮರಾಜನಗರದಿಂದ ಪುಣಜನೂರು ದಾಟಿ ಸತ್ಯಮಂಗಲದತ್ತ ಹೋಗುವವರಿಗೆ ದಿಂಬಂ ಘಟ್ಟದ 27 ತಿರುವುಗಳಿವೆ. ಅಲ್ಲಿ ಏರುವಾಗ ಶಕ್ತಿ ಕುಂದಿದ ವಾಹನ ಹಿಂಬದಿಯ ಲಾರಿಗಳಿಗೂ ಅಪಾಯ. ಎಚ್ಚರಿಕೆ ದೀಪ ಒಮ್ಮೆ ಬೆಳಗಿ ಆರಿದ್ದರೂ, ಪರೀಕ್ಷೆ ಆಗುವವರೆಗೆ ಅಂತಹ ವಾಹನವನ್ನು ಈ ರಸ್ತೆಗಳಿಗೆ ಕಳುಹಿಸದಿರುವುದು ವಿವೇಕ.

10. ಪಂಚಾಯಿತಿ ಇಡಬೇಕಾದ ದಾಖಲೆಗಳು

ಮೊದಲನೆಯದು ಚಾಲಕರ ದೂರು. “ವಾಹನ ಕೆಟ್ಟಿದೆ” ಎಂಬ ಒಂದು ಸಾಲು ಸಾಲದು. ದಿನಾಂಕ, ಓಡಿದ ಕಿಲೋಮೀಟರ್, ಏರಿನಲ್ಲೋ ಸಮತಟ್ಟಿನಲ್ಲೋ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆ ಅಥವಾ ತೊಳೆದ ಬಳಿಕವೋ, ದೀಪ ಬೆಳಗಿತ್ತೋ ಇಲ್ಲವೋ ಎಂಬ ವಿವರಗಳು ವಾಹನದ ದಿನವಹಿಯಲ್ಲಿ ಇರಬೇಕು. ಮೇಲಿನ ಪ್ರಸಂಗದಲ್ಲಿ “ತೊಳೆದ ದಿನ” ಎಂಬ ಒಂದೇ ಮಾತು ದೋಷದ ಜಾಗವನ್ನು ಸೂಚಿಸಿತ್ತು. ಅದನ್ನು ಗಮನಿಸಿದವರು ದಿನವೂ ವಾಹನ ಓಡಿಸುವ ಚಾಲಕರು. ಅವರ ಮಾತಿಗೆ ಬೆಲೆ ಕೊಡುವುದು ದುರಸ್ತಿಯ ಮೊದಲ ಹಂತ.

ಎರಡನೆಯದು ಅಳತೆಯ ಚೀಟಿ. ದುರಸ್ತಿಗೆ ಮೊದಲು ಮತ್ತು ಅನಂತರದ ದೋಷ ಸಂಕೇತ, ಪೂರೈಕೆ, ಅರ್ಥ್ ಹಾಗೂ ಎರಡು ಸಂಕೇತಗಳ ವೋಲ್ಟ್ ಅದರಲ್ಲಿರಬೇಕು. ಅಂದಾಜು ಪಟ್ಟಿ ಕೇಳುವಾಗಲೇ ಈ ಚೀಟಿಯನ್ನೂ ಕೇಳುವುದು ಸೂಕ್ತ.

ಮೂರನೆಯದು ಬದಲಿಸಿದ ಹಳೆಯ ಭಾಗ. ಅದನ್ನು ಮರಳಿ ಪಡೆದು ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ಬಿಲ್ಲಿನಲ್ಲಿ ಹೊಸ ಭಾಗದ ಸಂಖ್ಯೆ ಮತ್ತು ಖಾತರಿಯ ಅವಧಿ ಇರಬೇಕು.

ನಾಲ್ಕನೆಯದು ಸಭೆಯ ನಡವಳಿ. ವೆಚ್ಚಕ್ಕೆ ಒಪ್ಪಿಗೆ ನೀಡುವಾಗ ಕಾರಣವನ್ನೂ ಬರೆಯಬೇಕು. ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಅನ್ವಯವಾಗುವ ನಿಯಮಗಳನ್ನು ಪಾಲಿಸತಕ್ಕದ್ದು.

ತಡೆಗಟ್ಟುವ ಕ್ರಮಗಳು ಸರಳ: ಚಾಲಕರ ಕೋಣೆಯನ್ನು ಪೈಪಿನ ನೀರಿನ ಬದಲು ಒದ್ದೆ ಬಟ್ಟೆಯಿಂದ ಶುಚಿಗೊಳಿಸುವುದು, ಜಾರದ ಒಂದೇ ನೆಲಹಾಸು ಹಾಕುವುದು, ಧಾನ್ಯದ ಗೋದಾಮಿನಿಂದ ದೂರ ನಿಲ್ಲಿಸುವುದು, ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕನೆಕ್ಟರ್‌ಗಳನ್ನು ಪರೀಕ್ಷಿಸುವುದು.

ಸಾರಾಂಶ

ಪೆಡಲ್ ಸೆನ್ಸರ್‌ನ ದೋಷ ಕಂಡಾಗ ವಾಹನ ಶಕ್ತಿ ಕಳೆದುಕೊಳ್ಳುವುದು ಒಂದು ರಕ್ಷಣೆ. ಆ ರಕ್ಷಣೆಯನ್ನು ತಪ್ಪಿಸುವ ಅಡ್ಡದಾರಿ ಹಿಡಿಯದೆ, ಸರಳ ಕಾರಣಗಳಿಂದ ಆರಂಭಿಸಿ, ಅಳೆದು, ಅಳತೆ ಹೇಳಿದ್ದನ್ನು ಮಾತ್ರ ಬದಲಿಸಿ, ಮತ್ತೆ ಅಳೆಯುವುದೇ ಸರಿಯಾದ ದುರಸ್ತಿ. ಸದಸ್ಯರ ಪಾಲಿನ ಕೆಲಸ ಒಂದು ಪ್ರಶ್ನೆಯಲ್ಲಿ ಅಡಗಿದೆ: ಅಳತೆ ಏನು ಬಂತು?

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ವಾಹನದಲ್ಲಿರುವುದು ಕೇಬಲ್ ಪೆಡಲೋ, ಸೆನ್ಸರ್ ಪೆಡಲೋ? ಚಾಲಕರೊಂದಿಗೆ ನೋಡಿ ದಿನವಹಿಯಲ್ಲಿ ಬರೆಯಿರಿ.
2. ವಾಹನವನ್ನು ಎಲ್ಲಿ, ಹೇಗೆ ತೊಳೆಯಲಾಗುತ್ತಿದೆ? ಚಾಲಕರ ಕೋಣೆಗೆ ನೀರು ಸೇರುತ್ತಿದೆಯೇ?
3. ಕಳೆದ ಒಂದು ವರ್ಷದ ದುರಸ್ತಿ ಬಿಲ್ಲುಗಳಲ್ಲಿ ಎಷ್ಟರಲ್ಲಿ ದೋಷದ ಕಾರಣ ಬರೆದಿದೆ? ಒಂದೇ ದೋಷಕ್ಕೆ ಎರಡು ಬಾರಿ ಹಣ ಪಾವತಿಯಾಗಿದೆಯೇ?
4. ಚಾಲಕರು ದೋಷ ತಿಳಿಸಿದ ದಿನ ವಾಹನವನ್ನು ನಿಲ್ಲಿಸಿದರೆ ಅಂದಿನ ತ್ಯಾಜ್ಯ ಸಂಗ್ರಹಕ್ಕೆ ಬದಲಿ ಏರ್ಪಾಡು ಏನು?